ಹಿಮದೂರಿನಲ್ಲಿ ನೀನು ಕಲಿಸಿದ ಕನ್ನಡ

ಪ್ರೀತಿಯ ತಂಗೀ ಸುಜಾತಾ,

ಈ ಬೆಳಗಿನ ಜಾವ ಮತ್ತೆ ಅದೇ ಕನಸು. ನಮ್ಮ ಕರೋಶಿಯ ತಂಬಾಕಿನ ಹೊಲದ ಮೇಲೆ ಹಿಮ ಬೀಳುತ್ತಿತ್ತು. ಅಗಲವಾದ ಎಲೆಗಳು ಒಂದೊಂದಾಗಿ ಬೆಳ್ಳಗಾಗುತ್ತಿದ್ದವು. ನೀನು ಬದುವಿನ ಮೇಲೆ ಬರಿಗಾಲಲ್ಲಿ ನಿಂತು ನಗುತ್ತಿದ್ದೆ. ಚಳಿಯಾಗುವುದಿಲ್ಲವೇನೇ ಎಂದು ಕೇಳುವಷ್ಟರಲ್ಲಿ ಎಚ್ಚರವಾಯಿತು. ನಾನು ಹಿಮ ಕಂಡವಳೇ ಅಲ್ಲ. ಅದು ಬೀಳುವಾಗ ಸಪ್ಪಳವೇ ಇರುವುದಿಲ್ಲ ಎಂದು ನೀನೇ ಬರೆದಿದ್ದೆ. ಕನಸಿನಲ್ಲೂ ಅದು ಹಾಗೆಯೇ ಬೀಳುತ್ತದೆ, ನೋಡು.

ರಷ್ಯಾದಲ್ಲಿ ಡಾಕ್ಟರಿಕೆ ಓದಲು ನಿನಗೆ ಸ್ಕಾಲರ್‌ಶಿಪ್ ಸಿಕ್ಕ ದಿನ ನೆನಪಿದೆಯೆ? ಅಪ್ಪ ಆಗ ನಿಪ್ಪಾಣಿ–ಚಿಕ್ಕೋಡಿ ಬಸ್ಸಿನ ಕಂಡಕ್ಟರ್. ಬಸ್ಸು ಹತ್ತಿದವರಿಗೆಲ್ಲ ಟಿಕೆಟಿನ ಜೊತೆಗೆ ಆ ಸುದ್ದಿಯನ್ನೂ ಕೊಟ್ಟಿದ್ದನಂತೆ, ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ. ಅವ್ವ ಮಾತ್ರ ತಂಬಾಕಿನ ವಖಾರಿಯಲ್ಲಿ, ಆ ಗೋದಾಮಿನಲ್ಲಿ, ಎಲೆ ಆರಿಸುವ ಕೆಲಸ ಮುಗಿಸಿ ಬಂದವಳು ಬುದ್ಧನ ಮೂರ್ತಿಯ ಮುಂದೆ ಕೂತಳು. ಡಾಕ್ಟರಾಗಲು ಬೆಳಗಾವಿ ಸಾಲದೇ ಎಂದು ಕೇಳಿದಳು. ನೀನು ಅವಳ ಕುತ್ತಿಗೆಗೆ ಜೋತುಬಿದ್ದು, ಆರು ವರ್ಷವೆಂದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ… ಎಂದಿದ್ದೆ. ಎರಡನೆಯ ಚಳಿಗಾಲವನ್ನೇ ನೀನು ದಾಟಲಿಲ್ಲವಲ್ಲೇ.

ಚಿಕ್ಕೋಡಿಯ ತಹಶೀಲ್ದಾರ ಕಚೇರಿಗೆ ಸರಕಾರದವರ ಫೋನು ಬಂದದ್ದು ಮಧ್ಯಾಹ್ನ. ಅಪ್ಪನನ್ನು ಬಸ್ಸಿನಿಂದಲೇ ಇಳಿಸಿ ಕರೆದುಕೊಂಡು ಹೋದರು. ಮೆದುಳುಜ್ವರ ಎಂದರು. ಹೆಣ ಊರಿಗೆ ತರಿಸಲು ವಾರಗಟ್ಟಲೆ ಹಿಡಿಯಬಹುದು, ಇಲ್ಲವೆ ಅಲ್ಲಿಯೇ ಮಣ್ಣು ಮಾಡುತ್ತೇವೆ, ಈಗಲೇ ಹೇಳಿ ಎಂದರು. ಅಪ್ಪ ಫೋನು ಹಿಡಿದುಕೊಂಡೇ ಹೇಳಿದ: "ಅಲ್ಲೇ ಮಣ್ಣ ಮಾಡ್ರಿ. ನನ್ನ ಕೂಸು ಪೆಟ್ಟಿಗ್ಯಾಗ ಕಾಯೂದು ಬ್ಯಾಡ."

ಅವ್ವನನ್ನು ಕೇಳಿ ಹೇಳುತ್ತೇನೆ ಎನ್ನಲು ಅವನಿಗೆ ಪುರುಸೊತ್ತೆಲ್ಲಿತ್ತು? ಆದರೆ ಅವ್ವ ಅದನ್ನು ಮನ್ನಿಸಲಿಲ್ಲ. ಮಗಳ ಮುಖ ನೋಡದೆ ಅಳುವುದಿಲ್ಲ ಎಂದಳು. ಅಳಲಿಲ್ಲ. ಯಾರು ಕೇಳಿದರೂ ನೀನು ಇನ್ನೂ ಓದುತ್ತಿದ್ದೀ ಎಂದೇ ಹೇಳುತ್ತಿದ್ದಳು. ಅಪ್ಪನೊಡನೆ ಮಾತು ಬಿಟ್ಟಳು. ಅವನು ಎದುರಿಗೇ ಕೂತಿರುವಾಗ, ನಿಮ್ಮಪ್ಪನಿಗೆ ಊಟಕ್ಕೆ ನೀಡು ಎಂದು ನನಗೆ ಹೇಳುವಳು. ಅವನೂ ತಲೆ ತಗ್ಗಿಸಿ ಉಂಡು ಏಳುವನು. ಎಷ್ಟು ವರ್ಷ ಹೀಗೆ… ಬಿಡು.

ಆ ದೇಶ ಒಡೆದುಹೋಯಿತೆಂದು ರೇಡಿಯೊದಲ್ಲಿ ಕೇಳಿದ ಮೇಲೆ ಬಂದ ಒಂದು ಚಳಿಗಾಲದ ಬೆಳಗು. ಕಬ್ಬಿನ ಹೊಲಗಳ ಮೇಲೆ ಮಂಜು ಇನ್ನೂ ಕೂತಿತ್ತು, ಬೆಲ್ಲದ ಗಾಣದ ಹೊಗೆ ಅದರೊಳಗೆ ಬೆರೆತಿತ್ತು. ಆ ಬಿಳುಪಿನಿಂದ ಒಬ್ಬ ಬಿಳಿ ಹೆಣ್ಣುಮಗಳು ಮೆಲ್ಲಗೆ ನಡೆದು ಬಂದಳು. ಅವಳ ಹೆಸರು ನೀನಾ, ಹಾಸ್ಟೆಲ್ ಕೋಣೆಯ ನಿನ್ನ ಗೆಳತಿ. ಡಾಕ್ಟರಾಗಿ, ತರಬೇತಿಗೆಂದು ಪುಣೆಗೆ ಬಂದವಳು ಬಸ್ಸು ಹಿಡಿದು ನಿಪ್ಪಾಣಿಯಲ್ಲಿಳಿದು, ದಾರಿ ಕೇಳುತ್ತ ಕೇಳುತ್ತ ನಮ್ಮ ಅಂಗಳ ಮುಟ್ಟಿದ್ದಳು. ಕಸ ಗುಡಿಸುತ್ತಿದ್ದ ಅವ್ವನ ಮುಂದೆ ನಿಂತು, "ಅವ್ವಾ, ಆರಾಮ ಅದಿ? ನಾ ಸುಜಾತಾನ ಗೆಳತಿ," ಅಂದಳು.

ಅವ್ವನ ಕೈಯಿಂದ ಕಸಬರಿಗೆ ಜಾರಿತು. ಅದು ನಿನ್ನ ಮಾತೇ ಸುಜಾತಾ, ಕೊನೆಯಲ್ಲಿ ನೀನು ಎಳೆಯುತ್ತಿದ್ದ ಎಳೆತವೂ ಸೇರಿದಂತೆ. ಮನೆಯವರೊಡನೆ ಆಡುವ ಮಾತನ್ನಷ್ಟೇ ಅವಳಿಗೆ ಕಲಿಸಿದ್ದೆಯಲ್ಲ, ಬಹುವಚನ ಕಲಿಸಿರಲೇ ಇಲ್ಲ. ನೋಡಲು ಬಂದ ಹೆಡ್‌ಮಾಸ್ತರರನ್ನೂ ನೀ ಉಂಡೆಯಾ ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ಅವ್ವ ನಗಲಿಲ್ಲ. ನೀನಾ ಬಾಯಿ ತೆರೆದಾಗಲೆಲ್ಲ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

ಬಂದವರೆಲ್ಲ ಚಹಾ ಕುಡಿದು ಹೋದ ಮೇಲೆ ಅವ್ವ ಅವಳ ಕೈ ಹಿಡಿದು, ಕಡೆಗೆ ನನ್ನ ಮಗಳು ಏನಂದಳು ಎಂದು ಕೇಳಿದಳು. ನಿನ್ನ ವಿಷಯದಲ್ಲಿ 'ಕಡೆ' ಎಂಬ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ನೀನಾ ಶಬ್ದಗಳನ್ನು ತಡಕಾಡುತ್ತ ಹೇಳಿದಳು. ಜ್ವರ ಏರಿದಂತೆ ನೀನು ಅವರ ಭಾಷೆ ಮರೆತೆಯಂತೆ, ಇಂಗ್ಲಿಷೂ ಮರೆತೆಯಂತೆ. ಉಳಿದದ್ದು ಕನ್ನಡವೊಂದೇ. ಇಡೀ ಆಸ್ಪತ್ರೆಯಲ್ಲಿ ಅದು ತಿಳಿಯುವವಳು ಅವಳೊಬ್ಬಳೇ. ನೀನು ನೀರು ಬೇಡಿದರೆ, ತಲೆ ನೋಯುತ್ತದೆ ಎಂದರೆ, ಅವಳೇ ಡಾಕ್ಟರರಿಗೆ ತಿಳಿಸಬೇಕಿತ್ತು. ಆಟಕ್ಕೆಂದು ಕಲಿಸಿದ ಮಾತು ಹೀಗೆ ನೆರವಿಗೆ ಬರುತ್ತದೆಂದು ನಿನಗೇನಾದರೂ…

"ಅವ್ವಾ ಅಂತ ಕರದ್ಲು," ನೀನಾ ಅಂದಳು. "ಕಣ್ಣ ಮುಚ್ಚಿತ್ತು. ಮತ್ತ ಕರದ್ಲು. ನಾ ಓ ಅಂದ್ನಿ."

ಅವ್ವ ಬಹಳ ಹೊತ್ತು ಅವಳ ಕೈ ಬಿಡಲಿಲ್ಲ.

"ಛಲೋ ಮಾಡಿದೆವ್ವಾ. ನನ್ನ ಕೂಸು ಬರೇ ಕರದು ಹೋಗಲಿಲ್ಲ," ಅಂದಳು.

ಆಮೇಲೆ ಅತ್ತಳು. ಅಷ್ಟೂ ವರ್ಷಗಳದ್ದನ್ನು ಒಮ್ಮೆಲೇ ಅತ್ತಳು. ನಾನೂ ಅತ್ತೆ. ಅಪ್ಪ ಹೊಸ್ತಿಲಾಚೆ ಗೋಡೆಗೊರಗಿ ನಿಂತಿದ್ದ, ಒಳಗೆ ಬರಲೋ ಬೇಡವೋ ತಿಳಿಯದವನಂತೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಅವನತ್ತ ನೋಡಿದಳು. "ಹೊರಗ್ಯಾಕ ನಿಂತೀರಿ? ಒಳಗ ಬರ್ರಿ," ಅಂದಳು.

ಈಗ ನಿನಗೆ ತಿಳಿಯದ ಸುದ್ದಿ ಕೇಳು. ಸಂಜೆಯಾಯಿತೆಂದರೆ ಅವರಿಬ್ಬರೂ ಕಟ್ಟೆಯ ಮೇಲೆ ಕೂತು ಜಗಳವಾಡುತ್ತಾರೆ. ಜಗಳ ನಿನ್ನದೇ. ನೀನು ಮೊದಲ ಹೆಜ್ಜೆ ಇಟ್ಟದ್ದು ಮುಂಗಾರು ಶುರುವಾದಾಗ ಎಂದು ಅವ್ವ, ಅಲ್ಲ, ಶೇಂಗಾ ಬಿಡಿಸುವ ಕಾಲಕ್ಕೆ ಎಂದು ಅಪ್ಪ. ಒಬ್ಬರೂ ಸೋಲುವುದಿಲ್ಲ. ನಡುವೆ ಅವ್ವ ಎದ್ದು ಚಹಾ ತರುತ್ತಾಳೆ, ಕುಡಿದು ಮತ್ತೆ ಅಲ್ಲಿಂದಲೇ ಶುರು. ಸಾಕ್ಷಿ ಹೇಳೆಂದು ನನ್ನನ್ನು ಕರೆಯುತ್ತಾರೆ. ನನಗೆ ಚೆನ್ನಾಗಿ ನೆನಪಿದೆ. ನೀನು ನಡೆದು ಬಂದದ್ದು ನನ್ನ ಕಡೆಗೇ ಅಲ್ಲವೇನೇ? ಆದರೆ ಹೇಳುವುದಿಲ್ಲ. ಅವರು ಎಷ್ಟು ಕಾಡಿದರೂ ಹೇಳುವುದಿಲ್ಲ ಸುಜಾತಾ, ನಿನ್ನಾಣೆ.

ನಿನ್ನ,
ಅಕ್ಕ