ಬೆಂಕಿಪೊಟ್ಟಣದಷ್ಟು ಶಾಲೆ

ಹಿರಿಯ ಎಂಜಿನಿಯರ್ ಸಾಹೇಬರಿಗೆ,

ನಿಮ್ಮ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮರಳಿನಲ್ಲಿ ನದಿ ಕಟ್ಟುತ್ತಿರುವವನ ನಮಸ್ಕಾರ.

ನದಿಯ ಮೇಲ್ಭಾಗದ ತಿರುವುಗಳನ್ನು ಕಡಿದು ನೇರ ಮಾಡುವ ನಿಮ್ಮ ನಕ್ಷೆಯಂತೆ ತೊಟ್ಟಿಯಲ್ಲಿ ಮಾದರಿ ಕಟ್ಟಿದೆ. ಕೆಳಗಿನ ತಿರುವಿನ ದಂಡೆಯಲ್ಲಿ ಶಾಲೆ ಇರುವ ಜಾಗಕ್ಕೆ ಬೆಂಕಿಪೊಟ್ಟಣ ಇಟ್ಟು, ನಿನ್ನೆ ನಿಮ್ಮೆದುರಿಗೇ ಮೂರು ಸಲ ನೀರು ಬಿಟ್ಟೆ. ಸುತ್ತಿ ಬಳಸಿ ಬರುತ್ತಿದ್ದಾಗ ಸಾಧುವಾಗಿದ್ದ ನೀರು, ನೇರ ದಾರಿ ಸಿಕ್ಕಿದ್ದೇ ತಡ, ಓಡಿಬಂದು ಕೆಳಗಿನ ತಿರುವಿಗೆ ಗುದ್ದಿತು. ದಂಡೆಯ ಬುಡ ಕೊರೆಯಿತು, ಮೇಲಿನ ಮಣ್ಣು ಕುಸಿಯಿತು. ಮೂರು ಸಲವೂ ಪೊಟ್ಟಣ ನೀರುಪಾಲಾಯಿತು.

ಆಗ ನೀವು ಹೇಳಿದ್ದೇನು? "ನಾಡಿದ್ದು ಮಂತ್ರಿಗಳು ನೋಡೋಕೆ ಬರ್ತಾರೆ. ಆ ಪೊಟ್ಟಣನ ನಾಲ್ಕು ಬೆರಳು ಹಿಂದಕ್ಕೆ ಇಡಪ್ಪ. ಯಾರಿಗೆ ಗೊತ್ತಾಗತ್ತೆ?"

ಪೊಟ್ಟಣ ಸರಿಸುವುದು ಎಷ್ಟರ ಕೆಲಸ, ಸಾಹೇಬರೇ! ದಂಡೆಯ ಮೇಲೆ ಕಲ್ಲು ಗಾರೆಯಲ್ಲಿ ನಿಂತಿರುವ ಶಾಲೆಯನ್ನು ಹಿಂದಕ್ಕೆ ಇಡಪ್ಪ ಎಂದು ಯಾರಿಗೆ ಹೇಳುತ್ತೀರಿ? ನನ್ನ ತಂಗಿ ಅಲ್ಲಿ ಒಂದನೇ ತರಗತಿಗೆ ಪಾಠ ಮಾಡುತ್ತಾಳೆ, ಅದಕ್ಕೇ ಇವನಿಗೆ ಇಷ್ಟು ಉರಿ ಎಂದುಕೊಂಡರೆ ಅಂದುಕೊಳ್ಳಿ. ನೀರು ನನ್ನ ತಂಗಿಯ ಮುಖವನ್ನೂ ನೋಡುವುದಿಲ್ಲ, ನಿಮ್ಮ ಮಂತ್ರಿಯ ಮುಖವನ್ನೂ ನೋಡುವುದಿಲ್ಲ.

ನಾಳೆ ನಾನು ನೀರು ಬಿಡುವುದಾದರೆ ಪೊಟ್ಟಣ ಅದರ ಜಾಗದಲ್ಲೇ ಇರುತ್ತದೆ. ಹಿಂದಕ್ಕೆ ಇಡಲೇಬೇಕೆಂದರೆ ದಯವಿಟ್ಟು ನಿಮ್ಮ ಕೈಯಾರೆ ನೀವೇ ಇಡಿ. ಪೊಟ್ಟಣವನ್ನು ಈ ಪತ್ರದ ಜೊತೆ ಕಳುಹಿಸಿದ್ದೇನೆ. ಇನ್ನೂ ಒಣಗಿಲ್ಲ.

ನಿನ್ನೆಯವರೆಗೂ ತಮ್ಮ ವಿಧೇಯನಾಗಿದ್ದ,
ಮರಳು ಮೇಸ್ತ್ರಿ