ಗೆರೆ ಮುಟ್ಟಿ ಬಂದವನು

ಸುಂಕದಕಟ್ಟೆ
ಭಾನುವಾರ ಸಂಜೆ, ಆಗಸ್ಟ್ 2006

ಮೊಟ್ಟೆಯಂಥ ಚೆಂಡು ತಂದು ನಮ್ಮನ್ನೆಲ್ಲ ಕೆಡಿಸಿದ ತಮ್ಮ ಶಿವಯೋಗಿಗೆ,

ನಮ್ಮ ರಗ್ಬಿ ಕ್ಲಬ್ಬಿಗೆ ಇಲ್ಲಿಯವರೆಗೆ ತಗುಲಿದ ಖರ್ಚನ್ನು ಮೊದಲು ಹೇಳಿಬಿಡುತ್ತೇನೆ. ಮುನಿಯಣ್ಣನ ಮುಂದಿನ ಹಲ್ಲು ಎರಡು. ನಿನ್ನ ಹೆಗಲ ಮೂಳೆ ಒಂದು. ಗೋಲು ನಿಲ್ಲಿಸಲು ನನ್ನ ಶಾಮಿಯಾನ ಅಂಗಡಿಯ ಕಂಬ ಆರು. ಅವಿಲ್ಲದೆ ಒಂದು ನಾಮಕರಣ ಪೂರ್ತಿ ಬಿಸಿಲಿನಲ್ಲೇ ನಡೆದು, ಮಗುವಿನ ಅಜ್ಜಿ ನನಗೂ ಒಂದು ಹೆಸರಿಟ್ಟರು.

ಫೋನ್ ಮಾಡಿದ್ದೆ. ನಕ್ಕರೆ ನಿನಗೆ ನೋಯುತ್ತದೆ ಎಂದು ನಿಮ್ಮವ್ವ ಕಸ್ತೂರೆವ್ವ ನಿನ್ನ ಕೈಗೆ ಕೊಡಲೇ ಇಲ್ಲ. ಆದ್ದರಿಂದ ಈ ಕಾಗದ. ಮೆಲ್ಲಗೆ ಓದು.

ಗದಗಿನ ಬಸ್ಸು ಹತ್ತುವಾಗ ನೀನು ಅಂದದ್ದು ನನ್ನ ಕಿವಿಯಲ್ಲೇ ಇತ್ತು: “ಗ್ರೌಂಡ್ ಹೋತಂದ್ರ ನಾ ಯಾಕ ತಿರುಗಿ ಬರ್ಲಿ ಅಣ್ಣಾ?” ಮಾತಿನಿಂದಲೇ ಅಂಗಡಿ ಕಟ್ಟಿದವನು ನಾನು, ಬಸ್ಸು ಹೊರಟ ಕೂಡಲೇ ಮೈದಾನದ ಮಾತಾಡಲು ಹೋದೆ. ಅನ್ನಪೂರ್ಣೇಶ್ವರಿ ನಗರದ ಆ ಮೈದಾನವನ್ನು ಕ್ರಿಕೆಟ್ಟಿನವರಿಗೆ ಕೊಡಲು ಬಡಾವಣೆ ಸಂಘದ ಅಧ್ಯಕ್ಷರಾದ ಗಂಗಾಧರಯ್ಯನವರು ಸಿದ್ಧರಾಗಿಯೇ ಇದ್ದರು. ಈ ಆಟದಲ್ಲಿ ಪಾಯಿಂಟ್ ಹೊಡೆಯುವುದಕ್ಕೆ ಟ್ರೈ ಅನ್ನುತ್ತಾರೆ ಎಂದು ವಿವರಿಸಿದೆ. “ಬರೀ ಟ್ರೈ ಮಾಡೋದಕ್ಕೆ ಮೈದಾನ ಯಾಕಯ್ಯಾ ಸೀನ? ಆ ನಾಗರಬಾವಿ ಕಾಲೇಜ್ ಹುಡುಗ್ರ ಮೇಲೆ ಒಂದಾದ್ರೂ ಹೊಡೀರಿ. ಇಲ್ಲಾಂದ್ರೆ ನಾಳೆನೇ ಕಂಬ ಕಿತ್ಕೊಂಡು ಹೊರಡಿ” ಅಂದರು.

ಇವತ್ತು ಆ ಪಂದ್ಯ. ಮುಗಿಯಲು ಎರಡೇ ನಿಮಿಷ ಇರುವಾಗ ಅವರದು ಐದು ಟ್ರೈ, ನಮ್ಮದು ಸೊನ್ನೆ. ನಿನ್ನ ಜಾಗದಲ್ಲಿ ಆಡಿದವನು ನಿಮ್ಮೂರಿನ ಫಕೀರೇಶ. ಕಬಡ್ಡಿಯಲ್ಲಿ ಹುಲಿ, ರಗ್ಬಿಯಲ್ಲಿ ಕೂಸು. ಚೆಂಡು ಅವನ ಕೈಗೆ ಬಿತ್ತು. ಏನು ಓಟ ಅಂತೀಯ ಶಿವಯೋಗಿ! ಒಬ್ಬ ಕಾಲು ಹಿಡಿದ, ಕೊಡವಿಕೊಂಡ. ಇಬ್ಬರು ಸೊಂಟಕ್ಕೆ ಬಿದ್ದರು, ನುಣುಚಿಕೊಂಡ. ಕೊನೆಯ ಗೆರೆ ದಾಟಿಯೇ ಬಿಟ್ಟ! ಇನ್ನು ಚೆಂಡನ್ನು ನೆಲಕ್ಕೆ ಒತ್ತಿದರೆ ಆಯಿತು. ಒತ್ತಲಿಲ್ಲ ಮಾರಾಯ. ಗೆರೆಯನ್ನು ಕಾಲಿನಿಂದ ಮುಟ್ಟಿದವನೇ ಗರಕ್ಕನೆ ತಿರುಗಿ, “ಕಬಡ್ಡಿ ಕಬಡ್ಡಿ” ಎನ್ನುತ್ತ ನಮ್ಮ ಕಡೆಗೇ ಓಡಿ ಬಂದ. ಅರ್ಧ ಮೈದಾನ ದಾಟಿ, ಎದೆಯುಬ್ಬಿಸಿ, “ಮುಟ್ಟಿ ಬಂದೀನ್ರಿ ಸೀನಣ್ಣಾ! ಎಷ್ಟ್ ಪಾಯಿಂಟ್ ಬಂದೂರಿ?”

ಕಾಲೇಜು ಹುಡುಗರು ಹೊಟ್ಟೆ ಹಿಡಿದುಕೊಂಡು ನೆಲದಲ್ಲಿ ಉರುಳಾಡುತ್ತಿದ್ದರು. ಗಂಗಾಧರಯ್ಯನವರು ಕೊಡೆ ಮಡಿಸಿ ಏಳುತ್ತಿದ್ದರು. ನಾನು ನೋಡಿದ್ದು ಮಾತ್ರ ರೆಫರಿಯ ಬಾಯಿ. ಸೀಟಿ ಊದಿಲ್ಲ! ಆಟ ಇನ್ನೂ ನಿಂತಿಲ್ಲ! ನಿಯಮ ಹೇಳುತ್ತ ಕೂತರೆ ಕೆಟ್ಟೆ ಎಂದು, ಅವನಿಗೆ ತಿಳಿಯುವ ಭಾಷೆಯಲ್ಲೇ ಕೂಗಿದೆ: “ಬೋನಸ್ ಉಳಿದಿದೆ ಕಣೋ ಮಗಾ! ಇನ್ನೊಂದ್ಸಲ ಹೋಗು, ಚೆಂಡು ಅಲ್ಲೇ ನೆಲಕ್ಕೊತ್ತು!”

ಬೋನಸ್ ಅಂದದ್ದೇ ತಡ, ಉರುಳಾಡುತ್ತಿದ್ದವರನ್ನು ಹಾರಿಕೊಂಡೇ ಹೋದ. ಅವರು ಎದ್ದು ಚಡ್ಡಿ ಕೊಡವಿಕೊಳ್ಳುವಷ್ಟರಲ್ಲಿ ಚೆಂಡು ನೆಲದ ಮೇಲೆ, ಚೆಂಡಿನ ಮೇಲೆ ಫಕೀರೇಶ. ಸೀಟಿ ಆಗ ಬಿತ್ತು. ನೀನಿಲ್ಲ ಎನ್ನುವುದನ್ನೇ ಮರೆತು, ಅಪ್ಪಿಕೊಳ್ಳಲು ಪಕ್ಕಕ್ಕೆ ತಿರುಗಿದೆ ಕಣೋ.

“ಒಂದು ಪಾಯಿಂಟಿಗೆ ಎರಡು ಸಲ ಹೋಗ್ಬೇಕಾ? ಕಷ್ಟದ ಆಟ ಕಣಯ್ಯಾ. ಇಟ್ಕೊಳ್ಳಿ ಮೈದಾನ” ಅಂದರು ಗಂಗಾಧರಯ್ಯ.

ಈಗ ಯಾರಿಗೆ ಏನು ಬಂತು ನೋಡು. ನಾಗರಬಾವಿಯವರಿಗೆ ಗೆಲುವು. ಫಕೀರೇಶನಿಗೆ ‘ರಿಟರ್ನ್’ ಎಂಬ ಅಡ್ಡಹೆಸರು. ಅಧ್ಯಕ್ಷರಿಗೆ ಅರ್ಥವಾಗದ ಆಟವೊಂದರ ಹುಚ್ಚು. ಕ್ಲಬ್ಬಿಗೆ ಪ್ರತಿ ಭಾನುವಾರ ಮೈದಾನ. ನಿನಗೆ ತಿರುಗಿ ಬರಲು ಕಾರಣ. ನನಗೆ ಬಂದದ್ದನ್ನು ನೀನು ಬಸ್ಸಿಳಿದ ಮೇಲೆ ಬರೆದುಕೊಳ್ಳುತ್ತೇನೆ.

ಅವ್ವನಿಗೆ ನಮಸ್ಕಾರ ಹೇಳು. ನೂರು ಕಾಲ ಗಟ್ಟಿಯಾಗಿರು.

ದಾರಿ ನೋಡುತ್ತಿರುವ ನಿನ್ನ ಅಣ್ಣ,
ಸೀನ