ಕನ್ನಡಿಯಲ್ಲಿ ಕಾಣದ ಕಡೆ

ಶ್ರೀರಾಂಪುರ, ಭಾನುವಾರ

ತೀರ್ಥರೂಪು ಅಪ್ಪನಿಗೆ ನಮಸ್ಕಾರ. ಸಾಷ್ಟಾಂಗ ಎಂದು ಬರೆಯಲು ಇವತ್ತು ಮನಸ್ಸಿಲ್ಲ.

ಅಮ್ಮ ನನ್ನ ಮನೆಯಲ್ಲಿದ್ದಾಳೆ, ಸದ್ಯಕ್ಕೆ ಕಳಿಸುವುದಿಲ್ಲ. ನಿನ್ನೆ ಅವಳನ್ನು ಪಾರ್ಲರಿಗೆ ಕರೆದುಕೊಂಡು ಹೋಗಿ ತಲೆಗೆ ಬಣ್ಣ ಹಾಕಿಸಿದವಳು ನಾನು. ಅರವತ್ತು ವರ್ಷಕ್ಕೆ ಅದೇ ಮೊದಲ ಸಲ. ನಿಮ್ಮ ಮನೆಗೆ ವಾಪಸು ಬಂದರೆ ನೀವು ಪಕ್ಕದ ಮನೆಯ ಶ್ರೀಕಂಠಯ್ಯನವರ ಎದುರಿಗೇ, “ಈ ವಯಸ್ಸಲ್ಲಿ ಯಾರಿಗೆ ತೋರಿಸ್ಬೇಕು ಅಂತ ಈ ಶೋಕಿ?” ಅಂದಿರಿ. ಅವರೂ ನಕ್ಕರು. ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.

ನಿಮಗೆ ಎಪ್ಪತ್ತು, ತಲೆ, ಮೀಸೆ ಮಾತ್ರ ಕಡುಗಪ್ಪು! ಹದಿನೈದು ದಿನಕ್ಕೊಮ್ಮೆ ನೀವು ಸ್ಟೂಲಿನ ಮೇಲೆ ಕೂತು ಪೇಪರ್ ಓದುವಾಗ ಹಿಂದೆ ನಿಂತು ಡೈ ಹಚ್ಚುವವಳು ಯಾರು? ನೀವು ಯಾರಿಗೆ ತೋರಿಸಬೇಕು ಎಂದು ಅವಳು ಒಮ್ಮೆಯಾದರೂ ಕೇಳಿದ್ದಾಳೆಯೇ?

ಬಟ್ಟಲು, ಬ್ರಷ್ಷು ಬಚ್ಚಲುಮನೆಯ ಕಿಟಕಿಯಲ್ಲಿವೆಯಂತೆ. ಹೆಗಲಿಗೆ ಹಳೇ ಟವೆಲ್ಲು ಹೊದ್ದುಕೊಳ್ಳಬೇಕಂತೆ. ಇಷ್ಟನ್ನು ಅಮ್ಮ ಹೇಳಿ ಬರೆಸಿದ್ದು, ನಾನಾಗಿದ್ದರೆ ಬರೆಯುತ್ತಿರಲಿಲ್ಲ.

ಮೀಸೆ ಕನ್ನಡಿಯಲ್ಲಿ ಕಾಣುತ್ತದೆ, ನೀವೇ ಹಚ್ಚಿಕೊಳ್ಳಿ. ತಲೆಯ ಹಿಂದುಗಡೆ ನಿಮಗೆ ಕಾಣುವುದಿಲ್ಲ. ಅದಕ್ಕೆ ಶ್ರೀಕಂಠಯ್ಯನವರನ್ನು ಕರೆಯಿರಿ.

ನಿಮ್ಮ ಮಗಳು,
ಸುಮೇಧಾ